ಕತ್ತರಿಸಿದ ಹನ್ನೊಂದು ನಿಮಿಷ

ಮಾರ್ಚ್ 4, ಸೋಮವಾರ. ಬೆಳಗ್ಗೆ 6.40

ಬಟ್ಟೆ ಕಪಾಟಿನಲ್ಲಿ ತಲೆ ತೂರಿಸಿ ಮೂರು ಸಾಲು ರೆಕಾರ್ಡ್ ಮಾಡಿದೆ. ನೇತುಹಾಕಿದ ಬಟ್ಟೆಗಳ ನಡುವೆ ಧ್ವನಿ ಗುಂಯ್ ಎನ್ನುವುದಿಲ್ಲ, ಸ್ಟುಡಿಯೋದ ಹಾಗೇ ಬರುತ್ತದೆ. ‘ಕ್ರೇನ್ ಕೆಳಗೆ ನಿಲ್ಲಬೇಡಿ. ಕ್ರೇನ್ ಕೆಳಗೆ ನಡೆಯಬೇಡಿ. ಕ್ರೇನ್ ಕಂಡರೆ ದೂರ ಸರಿಯಿರಿ.’ ಐದನೇ ಟೇಕ್‌ಗೆ ಸರಿಹೋಯಿತು. ಮೊದಲ ನಾಲ್ಕರಲ್ಲಿ ಗಂಟಲು ಕಟ್ಟಿತ್ತು. ಶುಕ್ರವಾರ ಸಂಜೆಯಿಂದ ಬಾಯಿ ಬಿಟ್ಟಿರಲಿಲ್ಲ, ಅದಕ್ಕೇ ಇರಬೇಕು. ಅಕ್ಕ ಕೂಡ ಈ ಭಾನುವಾರ ಫೋನ್ ಮಾಡಲಿಲ್ಲ.

ಪಕ್ಕದ ಮನೆಯವರು ಗೋಡೆಗೆ ಕಿವಿಗೊಟ್ಟರೆ ಏನಂದುಕೊಳ್ಳುತ್ತಾರೋ. ಬೆಳಗಾಗುತ್ತಲೇ ಕಪಾಟಿಗೆ ಬುದ್ಧಿ ಹೇಳುವ ಹೆಂಗಸು.

ಸಂಜೆ 7.00

ಕ್ಯಾಂಟೀನ್ ಸಾಲಿನಲ್ಲಿ ಮುಂದಿದ್ದವನಿಗೆ "ಸ್ವಲ್ಪ ಸರೀರಿ" ಅಂದೆ. ಬೆಚ್ಚಿಬಿದ್ದು ತಿರುಗಿದ.

"ಅಯ್ಯೋ, ನೀವೇನಾ ಹೆಲ್ಮೆಟ್ ಅಮ್ಮ? ಪರದೆಯೊಳಗಿಂದ ಕರೆದ ಹಾಗಾಯ್ತು!"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಈ ಕಾರ್ಖಾನೆಯಲ್ಲಿ ನನ್ನ ಮುಖ ಗೊತ್ತಿರುವವರು ಹತ್ತು ಜನ, ಧ್ವನಿ ಗೊತ್ತಿರುವವರು ಎರಡು ಸಾವಿರ. ಗೇಟಿನಲ್ಲಿ, ಕಾರಿಡಾರಿನಲ್ಲಿ, ಬಸ್ಸಿನಲ್ಲಿ ಟಿವಿ ಪರದೆ. ಎಲ್ಲದರಲ್ಲೂ ನಾನೇ — ಹೆಲ್ಮೆಟ್ ಹಾಕಿ, ಕೈಗವಸು ತೊಡಿ, ಗೆರೆ ದಾಟಬೇಡಿ. ಅಣುಸ್ಥಾವರಕ್ಕೆ ಹೋಗುವ ಸ್ಟೀಮ್ ಜನರೇಟರ್ ಮಾಡುವ ಜಾಗ. ಒಂದೊಂದೂ ನಿಂತರೆ ಐದಂತಸ್ತಿನ ಕಟ್ಟಡ. ಅದನ್ನು ಮಾಡುವವರಿಗೆ ಹೇಗೆ ಮಾಡಬೇಕೆಂದು ವಿಡಿಯೋದಲ್ಲಿ ಹೇಳುವವಳು ನಾನು. ಮೊದಲು ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದವಳು ಎಂದರೆ ಯಾರೂ ನಂಬುವುದಿಲ್ಲ.

ಮೀಟಿಂಗಿನಲ್ಲಿ ನಮ್ಮ ತರಬೇತಿ ವಿಭಾಗದ ಸಾಹೇಬರದು ಮತ್ತೆ ಅದೇ ರಾಗ. "ಮೂರು ನಿಮಿಷ ಕಣ್ರೀ. ಒಂದು ಸೆಕೆಂಡ್ ಜಾಸ್ತಿಯಾದ್ರೂ ಯಾರೂ ನೋಡಲ್ಲ." ಅದಕ್ಕೇ ಅವರಿಗೆ ಬೆನ್ನ ಹಿಂದೆ ಮೂರ್ನಿಮಿಷದ ಸಾಹೇಬರು ಎಂದೇ ಹೆಸರು. ಮೀಟಿಂಗ್ ಮಾತ್ರ ಎರಡು ಗಂಟೆ.

ಮುಗಿದ ಮೇಲೆ ಬಾಗಿಲ ಹತ್ತಿರ ಕೇಳಿದರು, "ನಿಮ್ಮ ಯಜಮಾನ್ರು ಈಗ ಯಾವ ಸಮುದ್ರದಲ್ಲಿದ್ದಾರೆ?"

"ದಕ್ಷಿಣಕ್ಕೆ ಹೊರಟಿದೆ ಸರ್ ಹಡಗು."

"ಪುಣ್ಯವಂತರು ಬಿಡಿ."

ನಾಲ್ಕು ವರ್ಷದಿಂದ ಹೀಗೇ. ಗಂಡ ಪ್ರವಾಸಿ ಹಡಗಿನಲ್ಲಿ ಫೋಟೋಗ್ರಾಫರ್ ಎಂದು ಒಂದು ದಿನ ಬಾಯಿತಪ್ಪಿ ಹೇಳಿಬಿಟ್ಟೆ. ಈಗ ಆ ಹಡಗನ್ನು ಮುಳುಗಿಸಲೂ ಆಗುತ್ತಿಲ್ಲ, ದಡ ಸೇರಿಸಲೂ ಆಗುತ್ತಿಲ್ಲ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು. ನನಗೆ ಅದರ ಜೊತೆಗೆ ಭೂಪಟವೂ ಬೇಕಾಗಿದೆ.

ಮಾರ್ಚ್ 7, ಗುರುವಾರ. ಸಂಜೆ

ದಿನವಿಡೀ ಮೂರನೇ ಶೆಡ್. ಮೇಸ್ತ್ರಿಯ ವೆಲ್ಡಿಂಗ್ ಶೂಟ್. ಮೂವತ್ತೊಂದು ವರ್ಷದ ಸರ್ವೀಸು, ಜೂನ್‌ನಲ್ಲಿ ನಿವೃತ್ತಿ. ಹೋಗುವ ಮುಂಚೆ ಅವರ ಕೈಕೆಲಸ ವಿಡಿಯೋ ಆಗಬೇಕು, ಹೊಸ ಬ್ಯಾಚಿನ ಒಂಬತ್ತು ವೆಲ್ಡರ್‌ಗಳು ಅದನ್ನು ನೋಡಿ ಕಲಿಯಬೇಕು — ಸಾಹೇಬರ ಆಜ್ಞೆ.

ಮೇಸ್ತ್ರಿ ಮಾತು ಕಡಿಮೆ. ಪೈಪು ಕೂಡುವ ಬಾಯಿಗೆ ಮೊದಲ ಪದರದ ವೆಲ್ಡಿಂಗ್ ಎಳೆದರು. ಕೈ ಒಂದೇ ಸಮ. ಮುಗಿಸಿ, ಮುಖಕವಚ ಎತ್ತಿ, ಮೀಟರಿನ ಕಡ್ಡಿ ಲೋಹಕ್ಕೆ ತಾಗಿಸಿದರು. 230 ಡಿಗ್ರಿ.

"ಈಗ ಕಾಯ್ಬೇಕಮ್ಮ. ನೂರೈವತ್ತರ ಕೆಳಗೆ ಇಳಿಯೋವರೆಗೂ ಮುಟ್ಟೋ ಹಾಗಿಲ್ಲ. ಬಿಸಿ ಮೇಲೆ ಬಿಸಿ ಹಾಕಿದ್ರೆ ಮೇಲ್ಗಡೆ ಲಕ್ಷಣವಾಗೇ ಇರುತ್ತೆ, ಒಳಗೊಳಗೇ ಸೀಳು ಬಿಡುತ್ತೆ."

ಕ್ಯಾಮೆರಾ ನಿಲ್ಲಿಸಲು ಹೋದೆ. ತಡೆದರು.

"ಓಡ್ತಾ ಇರ್ಲಿ. ಈ ಕಾಯೋದನ್ನ ತೆಗೀಬೇಡಿ. ಕೈ ಓಡ್ಸೋದು ಯಾರು ಬೇಕಾದ್ರೂ ಕಲೀತಾರೆ. ಕಾಯೋದು ಕಲಿಯೋಕೆ ನಂಗೇ ಆರು ವರ್ಷ ಹಿಡೀತು."

ಸ್ಟೂಲಿನ ಮೇಲೆ ಕೂತರು. ನಾನು ಟ್ರೈಪಾಡ್ ಪಕ್ಕ ನಿಂತಿದ್ದೆ. ಒಂದು ನಿಮಿಷ ಕಳೆದಿರಬೇಕು. ಆಮೇಲೆ, ಮಾತಿಗೆ ಮಾತು ಎಂಬಂತೆ, "ಯಜಮಾನ್ರು ಯಾವಾಗ ಬರ್ತಾರಮ್ಮ?"

ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಬಂದದ್ದು ಬೇರೆ.

"ಹಡಗೂ ಇಲ್ಲ, ಸಮುದ್ರವೂ ಇಲ್ಲ ಮೇಸ್ತ್ರಿ. ನಮ್ಮ ಮನೆಯಿಂದ ಎರಡು ಸ್ಟಾಪ್ ಆಚೆ ಇದ್ದಾರೆ. ಇನ್ನೊಬ್ಬರ ಜೊತೆ."

ಹೇಳಿದೆ. ಎಲ್ಲವನ್ನೂ. ಟೈಲರ್ ಅಂಗಡಿ ಮೇಲಿನ ಮನೆ. ಕಂಪನಿ ಬಸ್ಸಿನಿಂದ ಆ ಬಾಲ್ಕನಿ ಕಾಣುವುದು. ಒಣಗುವ ಅಂಗಿಗಳಲ್ಲಿ ಎರಡು ನಾನೇ ಕೊಂಡದ್ದು. ಅಂಗಿ ಕಂಡ ದಿನ ಊರಲ್ಲಿದ್ದಾರೆ ಎಂದು ಸಮಾಧಾನ, ಕಾಣದ ದಿನ ಹುಷಾರಾಗಿದ್ದಾರೋ ಇಲ್ಲವೋ ಎಂಬ ಚಿಂತೆ. ಒಮ್ಮೆ ಇಳಿದು ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ನಿಂತು, ಬೆಲ್ ಒತ್ತದೆ ಬಂದದ್ದು. ಈಗಲೂ ಎರಡು ತಟ್ಟೆ ತೊಳೆದಿಡುವುದು.

ಅಳು ಬಂತು. ಥೂ. ಐದು ನಿಮಿಷ ಮಾತಾಡಿರಬೇಕು. ನಾಲ್ಕು ವರ್ಷದ ಮಾತು. ಮುಖ ತೊಳೆದುಕೊಂಡು ಬರುತ್ತೇನೆಂದು ಹೊರಗೆ ಓಡಿದೆ.

ಬಂದಾಗ ಮೇಸ್ತ್ರಿ ಹಾಗೇ ಕೂತಿದ್ದರು. ಪಾಪ ಎನ್ನಲಿಲ್ಲ, ಬುದ್ಧಿ ಹೇಳಲಿಲ್ಲ. "ಶುರು ಮಾಡೋಣ್ವಾ?" ಎಂದರು ಅಷ್ಟೇ. ಎರಡನೇ ಪದರ ಎಳೆದರು.

ಎದೆ ಹಗುರ. ಭಯವೂ ಆಗುತ್ತಿದೆ.

ಮಾರ್ಚ್ 8, ಶುಕ್ರವಾರ. ಸಂಜೆ 6.30

ಎಡಿಟ್ ಮುಗಿಯಿತು. 2 ನಿಮಿಷ 56 ಸೆಕೆಂಡ್. ಸಾಹೇಬರು ಬೆನ್ನು ತಟ್ಟುವುದೊಂದು ಬಾಕಿ.

ಕಾಯುವ ತುಂಡು ಹನ್ನೊಂದು ನಿಮಿಷವಿತ್ತು. ನನ್ನ ಧ್ವನಿ ಶುರುವಾಗುತ್ತಲೇ ನಿಲ್ಲಿಸಿಬಿಟ್ಟೆ. ಮುಂದೆ ಕೇಳಲಿಲ್ಲ. ಶುರುವಿನಿಂದ ಕೊನೆಯವರೆಗೆ ಒಂದೇ ಏಟಿಗೆ ಕತ್ತರಿಸಿದೆ. ಅದರ ಜೊತೆಗೆ ಮೇಸ್ತ್ರಿ ಹೇಳಿದ ‘ಕಾಯ್ಬೇಕು’ ಕೂಡ ಹೋಯಿತು. ಬದಲಿಗೆ ಒಂದು ಡಿಸಾಲ್ವ್ ಹಾಕಿದೆ — ಒಂದು ದೃಶ್ಯ ಕರಗಿ ಇನ್ನೊಂದು ಮೂಡುವುದು. ಮದುವೆ ವಿಡಿಯೋದಲ್ಲಿ ಡಿಸಾಲ್ವ್ ಬಂದರೆ ಹೊತ್ತು ಕಳೆಯಿತು ಎಂದು ಸಣ್ಣ ಮಗುವಿಗೂ ಗೊತ್ತು.

‘ಇಲ್ಲಿ ಕಾಯಿರಿ, 150 ಡಿಗ್ರಿ’ ಎಂದು ಅಕ್ಷರ ಹಾಕಿದ್ದೆ. ಸಾಹೇಬರು ನೋಡಿ, "ಅಕ್ಷರ ಜಾಸ್ತಿಯಾಯ್ತು ಕಣ್ರೀ, ಡಿಗ್ರಿ ಎಲ್ಲ ಪೇಪರಲ್ಲಿ ಇದ್ದೇ ಇದೆ" ಎಂದರು. ತೆಗೆದೆ. ವಾದಿಸಬಹುದಿತ್ತು. ವಾದಿಸಿದರೆ ಆ ಹನ್ನೊಂದು ನಿಮಿಷದ ಮಾತು ಬರುತ್ತದೆ, ಕಾಯುವುದನ್ನೇ ತೋರಿಸಿ ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡೆ.

ಒಪ್ಪಿಗೆಯ ಸಹಿ ತರಬೇತಿ ಕೊಡುವವರದ್ದೇ ಆಗಬೇಕು. ಮೇಸ್ತ್ರಿ ಹತ್ತಿರ ಲ್ಯಾಪ್‌ಟಾಪ್ ಒಯ್ದೆ. ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು.

"ನೋಡಿ ಸಹಿ ಹಾಕಿ ಮೇಸ್ತ್ರಿ."

"ನನ್ನ ಮುಖ ನಾನೇನು ನೋಡೋದು. ನೀವು ಮಾಡಿದ್ದಲ್ವಾ, ಸರಿಯಾಗೇ ಇರುತ್ತೆ."

ಕ್ಯಾಮೆರಾದ ಕಾರ್ಡ್ ಆಫೀಸಿನಲ್ಲಿಡಲು ಮನಸ್ಸು ಬರಲಿಲ್ಲ. ಮನೆಗೆ ತಂದು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಅಳಿಸಬೇಕಿತ್ತು... ಅಳಿಸಲೂ ಮನಸ್ಸು ಬರಲಿಲ್ಲ.

ಮಾರ್ಚ್ 17, ಭಾನುವಾರ

ಅಕ್ಕ ಫೋನ್ ಮಾಡಿದಳು. ಹತ್ತು ನಿಮಿಷ ಅವಳ ಮಂಡಿನೋವು, ಎರಡು ನಿಮಿಷ ನಾನು. "ಹೋದವನು ಹೋದ. ನೀನು ಊಟ ಸರಿಯಾಗಿ ಮಾಡು." ಪ್ರತಿ ಸಲವೂ ಇದೇ ಮುಕ್ತಾಯ.

ಮೇಸ್ತ್ರಿ ವಿಡಿಯೋ ಎಲ್ಲರ ಬಾಯಲ್ಲೂ. ಹೊಸ ವೆಲ್ಡರ್‌ಗಳು ಫೋನಿನಲ್ಲೇ ಹತ್ತು ಹತ್ತು ಸಲ ನೋಡುತ್ತಾರಂತೆ. ಮೇಸ್ತ್ರಿ ಈಗ ಎದುರಾದರೆ ತಲೆಯಾಡಿಸುತ್ತಾರೆ. ನಾನೂ. ಎರಡು ಸಾವಿರ ಜನರಲ್ಲಿ ಒಬ್ಬರಿಗೆ ನನ್ನ ನಿಜ ಗೊತ್ತು. ಅಷ್ಟಕ್ಕೇ ಆ ಗೇಟು ಹೊಗುವಾಗ ಏನೋ ಧೈರ್ಯ.

ಏಪ್ರಿಲ್ 22, ಸೋಮವಾರ. ಸಂಜೆ

ಎರಡನೇ ಶೆಡ್ ನಿಂತಿದೆ. ಕ್ರೇನ್ ಕೂಡ ಅಲುಗುತ್ತಿಲ್ಲ.

ಹೊಸಬರು ಮಾಡಿದ ಜೋಡಣೆಗಳಲ್ಲಿ ಒಳಗೆ ಸೀಳು. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಸಿಕ್ಕಿತು. ಕೂದಲೆಳೆಯಷ್ಟು ಸಣ್ಣದು. ಆದರೆ ಅಣುಸ್ಥಾವರಕ್ಕೆ ಹೋಗುವ ವಸ್ತುವಿನಲ್ಲಿ ಕೂದಲೆಳೆಗೂ ಜಾಗವಿಲ್ಲ. ಎಲ್ಲವನ್ನೂ ಕತ್ತರಿಸಿ ತೆಗೆದು ಮತ್ತೆ ಮಾಡಬೇಕು. ಗೇಟು ದಾಟಿ ಏನೂ ಹೋಗಿಲ್ಲ, ಅದೊಂದೇ ಸಮಾಧಾನ.

ಕ್ವಾಲಿಟಿ ಮೇಡಂ — ಗುಣಮಟ್ಟ ವಿಭಾಗದ ಮುಖ್ಯಸ್ಥೆ, ನಗುವನ್ನೂ ಅಳೆದು ನಗುವ ಹೆಂಗಸು — ಒಬ್ಬೊಬ್ಬರನ್ನೇ ಕೇಳಿದರಂತೆ. ‘ಪದರದ ಮಧ್ಯೆ ಎಷ್ಟು ಹೊತ್ತು ಕಾದ್ರಿ?’ ಒಂಬತ್ತೂ ಜನ ಒಂದೇ ಉತ್ತರ. ‘ಕಾಯ್ಲಿಲ್ಲ ಮೇಡಂ. ವಿಡಿಯೋದಲ್ಲಿ ಮೇಸ್ತ್ರಿ ಕಾದಿಲ್ವಲ್ಲ.’ ನಲವತ್ತು ಪುಟದ ಪೇಪರನ್ನು ಯಾರೂ ಓದಿಲ್ಲ. ಓದದೇ ಟಿಕ್ ಹಾಕಿದ್ದಾರೆ.

ಡಿಸಾಲ್ವ್. ನನ್ನ ಡಿಸಾಲ್ವ್. ಅವರಿಗೆ ಅದು ಹೊತ್ತು ಕಳೆದದ್ದಲ್ಲ, ಬರೀ ಅಂದ. ಒಂದು ಪದರ ಕರಗಿತು, ಇನ್ನೊಂದು ಮೂಡಿತು, ಅವರೂ ಹಾಗೇ ಮಾಡಿದರು.

ಮಧ್ಯಾಹ್ನ ಮೇಡಂ ನನ್ನನ್ನೂ ಕರೆಸಿದರು. "ಎಡಿಟ್ ಮಾಡದ ಮೂಲ ರೆಕಾರ್ಡಿಂಗ್ ಇದ್ಯಾ?"

"ಇಲ್ಲ ಮೇಡಂ. ಮೂವತ್ತು ದಿನಕ್ಕೆ ಅಳಿಸ್ತೀವಿ."

ಎಷ್ಟು ಸಲೀಸಾಗಿ ಬಂತು! ನಾಲ್ಕು ವರ್ಷ ಹಡಗು ಓಡಿಸಿದ ಅಭ್ಯಾಸ.

ಏಪ್ರಿಲ್ 24, ಬುಧವಾರ

ಮೇಸ್ತ್ರಿಯ ವಿಚಾರಣೆ ಮುಗಿಯಿತು. ನಾನು ಬಾಯಿಬಿಡಬೇಕಾದ ಅಗತ್ಯವೇ ಬರಲಿಲ್ಲ. ‘ಶೂಟಿಂಗ್ ದಿನ ಕಾದಿದ್ರಾ?’ ಎಂದದ್ದಕ್ಕೆ ಅವರು ‘ಮರ್ತೆ’ ಎಂದರಂತೆ.

ಮರೆತರಂತೆ! ಉಸಿರಾಡುವುದನ್ನು ಮರೆತೆ ಎಂದರೂ ನಂಬಬಹುದಿತ್ತು.

ಪ್ರತಿ ವೆಲ್ಡರಿಗೂ ಒಂದು ನಂಬರಿನ ಉಕ್ಕಿನ ಮೊಳೆ ಇರುತ್ತದೆ. ಕೆಲಸ ಮುಗಿಸಿ ಜೋಡಣೆಯ ಪಕ್ಕ ಅದರಿಂದ ಗುರುತು ಒತ್ತಬೇಕು — ಇದು ನನ್ನದು, ಇದಕ್ಕೆ ನಾನು ಜವಾಬ್ದಾರ ಎಂದು. ಮೇಸ್ತ್ರಿಯ ಮೊಳೆ ಕಿತ್ತುಕೊಂಡು ಅವರನ್ನು ಅಮಾನತು ಮಾಡಿದ್ದಾರೆ. ಮೂವತ್ತೊಂದು ವರ್ಷದಲ್ಲಿ ಆ ನಂಬರ್ ಬಿದ್ದಿರುವ ಜೋಡಣೆಗಳನ್ನೆಲ್ಲ ಪಟ್ಟಿ ಮಾಡಿ ಮತ್ತೆ ಪರೀಕ್ಷೆಗೆ ಬರೆಯುತ್ತಾರಂತೆ. ಎಷ್ಟೋ ಸ್ಥಾವರಗಳು, ಎಷ್ಟೋ ಊರುಗಳು. ಎಲ್ಲ ಕಡೆಗೂ ಈ ಮನುಷ್ಯನ ಕೆಲಸ ನಂಬಬೇಡಿ ಎಂಬ ಕಾಗದ.



ಏಪ್ರಿಲ್ 25, ಗುರುವಾರ. ಸಂಜೆ 6.00

ಕಂಪನಿ ಬಸ್ಸು ಬಿಟ್ಟು ಹೊರಗಿನ ಬಸ್ ಸ್ಟಾಪಿಗೆ ಹೋದೆ. ಅಮಾನತಾದವರಿಗೆ ಕಂಪನಿ ಬಸ್ಸಿಲ್ಲ. ಅಮಾನತಿನ ಕಾಗದಕ್ಕೆ ಸಹಿ ಹಾಕಲು ಬಂದಿದ್ದ ಮೇಸ್ತ್ರಿ ಅಲ್ಲೇ ನಿಂತಿದ್ದರು. ಊಟದ ಡಬ್ಬಿ ತಂದಿದ್ದರು. ಅಭ್ಯಾಸಬಲ.

"ಮೇಸ್ತ್ರಿ, ನೀವು ಕಾದಿದ್ರಿ."

"ಕಾದಿದ್ದೆ."

"ಮತ್ತೆ ಮರ್ತೆ ಅಂದ್ರಲ್ಲ?"

ರಸ್ತೆಯ ಕಡೆ ನೋಡಿದರು. "ಕಾದಿದ್ದೆ ಅಂದಿದ್ರೆ, ರೆಕಾರ್ಡಿಂಗ್ ಎಲ್ಲಿ ಅಂತ ನಿಮ್ಮನ್ನ ಜಾಲಾಡ್ತಾರೆ. ಅದ್ರಲ್ಲಿ ನಿಮ್ಮ ಮನೆ ಮಾತಿದೆ. ನಾಲ್ಕು ಜನ ಕೂತು ಕೇಳೋ ಮಾತಲ್ಲ ಅದು."

"ನಿಮ್ಮ ಹೆಸರು ಹೋಗ್ತಿದೆ ಮೇಸ್ತ್ರಿ..."

"ನಂದು ಇನ್ನು ಏಳು ವಾರ. ನಿಮ್ದು ಇನ್ನೂ ಹದಿಮೂರು ವರ್ಷ ಇದೆ. ನನ್ನ ಕೈ ಏನು ಅಂತ ನಂಗೆ ಗೊತ್ತು. ಸಾಕು."

ಸಾಕು ಎಂದರು, ಆದರೆ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು, ಮೊಳೆ ಹಿಡಿಯುವ ಜಾಗದಲ್ಲಿ. ಬಸ್ಸು ಬಂತು. ಹತ್ತಿದರು. ಕಾರ್ಡ್ ನನ್ನ ಹತ್ತಿರವೇ ಇದೆ ಎಂದು ನಾನು ಹೇಳಲಿಲ್ಲ. ಹೇಳಲೇ ಇಲ್ಲ. ಇಷ್ಟು ಹೇಡಿ ನಾನು ಎಂದು ನನಗೇ ಗೊತ್ತಿರಲಿಲ್ಲ.

ಏಪ್ರಿಲ್ 28, ಭಾನುವಾರ

ಅಕ್ಕನಿಗೆ ನಾನೇ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ನಿಂಗೇನು ತಲೆ ಕೆಟ್ಟಿದ್ಯಾ? ಆತ ತಾನಾಗಿ ಹೊತ್ಕೊಂಡಿದ್ದಾನೆ. ನೀನು ಹೋಗಿ ಹೊರೆ ಇಳಿಸ್ಕೊಂಡು ನಿನ್ನ ತಲೆ ಮೇಲೆ ಇಟ್ಕೋತೀಯಾ? ಕೆಲಸ ಹೋಗುತ್ತೆ. ಮಾನವೂ ಹೋಗುತ್ತೆ. ಕೆಲಸ ಬಿಟ್ರೆ ನಿಂಗೆ ಇನ್ನೇನಿದೆಯೇ?"

ಅಕ್ಕ ಪ್ರೀತಿಯಿಂದಲೇ ಹೇಳಿದ್ದು. ಅದೇ ನೋವು.

ಆ ಕಾರ್ಡಿನಿಂದ ಮೇಸ್ತ್ರಿಯ ಮಾತನ್ನಷ್ಟೇ ಕತ್ತರಿಸಿ ಕೊಡಬಹುದಲ್ಲ ಎಂದು ದಿನವಿಡೀ ಯೋಚಿಸಿದೆ. ನನ್ನ ಧ್ವನಿ ಅಳಿಸಿ, ಅವರದ್ದನ್ನು ಉಳಿಸಿ. ಸುಲಭ. ಅರ್ಧ ಗಂಟೆಯ ಕೆಲಸ. ಕಾರ್ಡ್ ಹೊರತೆಗೆದೆ. ಹಾಗೇ ಒಳಗಿಟ್ಟೆ.

ಮೇ 5, ಭಾನುವಾರ. ಬೆಳಗ್ಗೆ 11

ಒಂದು ವಾರ ಏನೂ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ.

ಶುಕ್ರವಾರ ಸಾಹೇಬರು ಕರೆದರು. "ಒಂದು ಹೊಸ ವಿಡಿಯೋ ಬೇಕು. ‘ಹೀಗೆ ಮಾಡಬೇಡಿ’ ಅಂತ. ಮೇಸ್ತ್ರಿ ಕ್ಲಿಪ್ಪೇ ಹಾಕಿ, ಮೇಲೆ ಕೆಂಪು ಗೆರೆ ಎಳೀರಿ. ನಿಮ್ಮ ಧ್ವನಿ. ಎಲ್ಲಾ ಪರದೆಯಲ್ಲೂ ಬರ್ಲಿ."

"ಮೂರು ನಿಮಿಷವಾ ಸರ್?"

"ಎರಡು ಸಾಕು."

ಸಾಲುಗಳನ್ನೂ ಅವರೇ ಬರೆದು ಕಳಿಸಿದ್ದಾರೆ. ಇವತ್ತು ಬೆಳಗ್ಗೆ ಕಪಾಟಿನಲ್ಲಿ ತಲೆ ತೂರಿಸಿದೆ. ‘ಈ ವೆಲ್ಡರ್ ಮಾಡಿದ ತಪ್ಪನ್ನು ನೀವು ಮಾಡಬೇಡಿ.’ ಮೊದಲ ಟೇಕ್ — ‘ಈ’ ಬಂತು, ‘ವೆಲ್ಡರ್’ ಬರಲಿಲ್ಲ. ಎರಡನೆಯದೂ ಅಷ್ಟೇ. ಒಂಬತ್ತನೆಯದರಲ್ಲಿ ಪೂರ್ತಿ ಬಂತು. ಸ್ಪಷ್ಟವಾಗಿ, ಚೆನ್ನಾಗಿ. ತಿರುಗಿ ಕೇಳಿದೆ. ಅಷ್ಟು ನಿಖರವಾಗಿ, ಅಷ್ಟು ಮರ್ಯಾದಸ್ಥ ಧ್ವನಿಯಲ್ಲಿ ಒಬ್ಬರ ಕುತ್ತಿಗೆ ಕೊಯ್ಯುವುದು ನನಗೆ ಬರುತ್ತದೆ ಎಂದಾಯಿತು.

ಅಳಿಸಿದೆ. ನಾಳೆ ಕೊಡುತ್ತೇನೆ, ಕಾರ್ಡ್ ಕೊಡುತ್ತೇನೆ. ಬರೆದಿಡುತ್ತಿದ್ದೇನೆ, ಬೆಳಗ್ಗೆ ಹಿಂದೇಟು ಹಾಕದಿರಲಿ ಎಂದು.

ಮೇ 6, ಸೋಮವಾರ. ಸಂಜೆ

ಕೊಟ್ಟೆ. ಮೇಡಂ ಮೇಜಿನ ಮೇಲೆ ಇಟ್ಟೆ.

"ಅಳಿಸಿದ್ದೀವಿ ಅಂದಿದ್ರಲ್ಲ?"

"ಸುಳ್ಳು ಹೇಳ್ದೆ."

ಮೇಡಂ ಕನ್ನಡಕ ತೆಗೆದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಅದು ಇನ್ನೂ ಕಷ್ಟ.

"ಮೇಡಂ, ಮೇಸ್ತ್ರಿ ಮಾತಾಡೋ ತುಂಡು ಮಾತ್ರ ತೋರಿಸಬಹುದಾ? ಮಧ್ಯೆ ನನ್ನ ಸ್ವಂತ ಮಾತಿದೆ. ಮನೆಯದು."

"ಎಡಿಟ್ ಮಾಡಿದ್ದರಿಂದಾನೇ ಇಷ್ಟೆಲ್ಲ ಆಗಿರೋದು. ಇನ್ನೊಂದು ಸಲ ಎಡಿಟ್ ಮಾಡಿದ್ದನ್ನ ಯಾರು ನಂಬ್ತಾರೆ? ಮೇಸ್ತ್ರಿ ಹೆಸರಿನ ಕಳಂಕ ತೊಳೀಬೇಕು ಅಂದ್ರೆ ಪೂರ್ತಿ ಹಾಕ್ಬೇಕು. ಧ್ವನಿ ಸಮೇತ. ಎಲ್ಲರ ಮುಂದೆ." ಸ್ವಲ್ಪ ತಡೆದು, "ಈಗಲೂ ವಾಪಸ್ ತಗೋಬಹುದು. ನಾನು ನೋಡಿಲ್ಲ ಅಂದ್ಕೋತೀನಿ" ಎಂದರು.

ಕಾರ್ಡ್ ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಬಾಲ್ಕನಿ ಬಂದದ್ದೂ ಗೊತ್ತಾಗಲಿಲ್ಲ. ಇಳಿದ ಮೇಲೆ ನೆನಪಾಯಿತು, ಇವತ್ತು ನೋಡಲಿಲ್ಲ.

ಮೇ 8, ಬುಧವಾರ. ಸಂಜೆ 7.30

ಮುಗಿಯಿತು. ಒಂದೊಂದಾಗಿ ಬರೆಯುತ್ತೇನೆ.

ದೊಡ್ಡ ಮೀಟಿಂಗ್ ರೂಮು. ಮೇಡಂ, ಸಾಹೇಬರು, ಇನ್ನು ನಾಲ್ವರು. ಗೋಡೆಯ ಚಿಕ್ಕ ಪರದೆಯಲ್ಲಿ ಗ್ರಾಹಕ ಕಂಪನಿಯ ಇನ್‌ಸ್ಪೆಕ್ಟರ್, ದೂರದಿಂದ ವಿಡಿಯೋ ಕರೆಯಲ್ಲಿ. ಮೂಲೆಯ ಕುರ್ಚಿಯಲ್ಲಿ ಮೇಸ್ತ್ರಿ, ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ಕಂಡು ಮುಖ ಗಂಟಿಕ್ಕಿದರು — ಯಾಕಮ್ಮ ಕೊಟ್ಟಿರಿ ಎಂಬಂತೆ.

ಶುರುವಾಯಿತು. ಮೊದಲ ಪದರ. 230 ಡಿಗ್ರಿ. ‘ಈ ಕಾಯೋದನ್ನ ತೆಗೀಬೇಡಿ.’ ಇನ್‌ಸ್ಪೆಕ್ಟರ್ ಏನೋ ಗುರುತು ಹಾಕಿಕೊಂಡರು. ಮೇಸ್ತ್ರಿಯ ಹೆಸರಿನ ಕಳಂಕ ಅಲ್ಲಿಗೇ ತೊಳೆದುಹೋಯಿತು. ಅಲ್ಲಿಗೇ ನಿಲ್ಲಿಸಲಿ ಎಂದು ಮೇಡಂ ಕಡೆ ನೋಡಿದೆ. ನಿಲ್ಲಿಸುವಂತಿರಲಿಲ್ಲ.

ಆಮೇಲೆ ನಾನು. ಹಡಗೂ ಇಲ್ಲ, ಸಮುದ್ರವೂ ಇಲ್ಲ. ಎಂಥ ಒಳ್ಳೆಯ ಸ್ಪೀಕರ್‌ಗಳು ಆ ರೂಮಿನಲ್ಲಿ! ಮೂಗು ಎಳೆದುಕೊಂಡದ್ದೂ ಕೇಳಿಸಿತು. ಎರಡು ತಟ್ಟೆ ತೊಳೆದಿಡುವುದೂ. ಸಾಹೇಬರು ಮೇಜಿನ ಮರ ನೋಡುತ್ತಾ ಕೂತಿದ್ದರು. ಮೂರು ನಿಮಿಷ ದಾಟಿದ ವಿಡಿಯೋ ಅವರು ನೋಡಿದ್ದು ಇದೇ ಮೊದಲಿರಬೇಕು. ಯಾರೂ ನಗಲಿಲ್ಲ. ನಕ್ಕಿದ್ದರೆ ಎದ್ದು ಹೋಗಬಹುದಿತ್ತು.

‘ಮುಖ ತೊಳ್ಕೊಂಡು ಬರ್ತೀನಿ’ — ನನ್ನ ಹೆಜ್ಜೆಯ ಸದ್ದು ದೂರವಾಯಿತು. ಇಲ್ಲಿಂದ ಮುಂದೆ ನಾನು ಕೇಳಿಯೇ ಇರಲಿಲ್ಲ.

ಪರದೆಯಲ್ಲಿ ಮೇಸ್ತ್ರಿ ಒಬ್ಬರೇ. ಕಡ್ಡಿ ತಾಗಿಸಿದರು. ಮೀಟರ್ 148 ತೋರಿಸಿತು. ಸಮಯ ಏಳು ನಿಮಿಷ ಹತ್ತು ಸೆಕೆಂಡ್. ಆಚೆಯಿಂದ ಕ್ರೇನಿನವನ ದನಿ.

‘ಇಳೀತಲ್ಲ ಮೇಸ್ತ್ರಿ, ಶುರು ಮಾಡಿ.’

‘ತಡಿ.’

‘ಯಾಕೆ?’

‘ಆ ಅಮ್ಮ ಬರ್ಲಿ.’

‘ಕ್ಯಾಮೆರಾ ಓಡ್ತಾನೇ ಇದ್ಯಲ್ಲ.’

‘ಓಡ್ಲಿ ಬಿಡು. ಅವ್ರು ವಾಪಸ್ ಬಂದಾಗ ನಾವು ನಮ್ಮ ಪಾಡಿಗೆ ಕೆಲ್ಸ ಮಾಡ್ತಿದ್ರೆ ಚೆನ್ನಾಗಿರಲ್ಲ.’

ಮೇಸ್ತ್ರಿ ಬಾಗಿಲ ಕಡೆ ನೋಡುತ್ತಾ ಕೂತಿದ್ದಾರೆ. ಒಮ್ಮೆ ಎದ್ದು ಬಾಗಿಲವರೆಗೆ ಹೋಗಿ ಇಣುಕಿ ಬಂದರು. ಮತ್ತೆ ಕೂತರು. ನಾಲ್ಕು ನಿಮಿಷ. ಪರದೆಯಲ್ಲಿ ಬೇರೇನೂ ಇಲ್ಲ. ಮುಂದಕ್ಕೆ ಓಡಿಸಿ ಎಂದು ರೂಮಿನಲ್ಲಿ ಒಬ್ಬರೂ ಹೇಳಲಿಲ್ಲ.

ಕೊನೆಗೆ ಇನ್‌ಸ್ಪೆಕ್ಟರ್ ಕೇಳಿದರು, "7.10ಕ್ಕೇ ಮಿತಿಯೊಳಗೆ ಬಂದಿದೆ. 11ರವರೆಗೂ ಕಾದಿದ್ದು ಯಾಕೆ? ತಪ್ಪಲ್ಲ, ತಣ್ಣಗಾದಷ್ಟೂ ಒಳ್ಳೇದೇ. ಆದ್ರೆ ಕಾರಣ ದಾಖಲಾಗ್ಬೇಕು."

ಎಲ್ಲರೂ ಮೇಸ್ತ್ರಿ ಕಡೆ ನೋಡಿದರು. ಅವರು ತಮ್ಮ ಕೈ ನೋಡಿಕೊಂಡರು.

ಮೇಡಂ ಹೇಳಿದರು, "ಶೂಟ್ ಮಾಡಿದವರೇ ಬರೀಲಿ. ನಿಮಿಷ ನಿಮಿಷದ ವಿವರ, ಕಾರಣ ಸಮೇತ. ನಾಳೆ ಬೆಳಗ್ಗೆ ನನ್ನ ಮೇಜಿನ ಮೇಲಿರಬೇಕು."

ಮೇಸ್ತ್ರಿಗೆ ಮೊಳೆ ವಾಪಸ್. ಮರುಪರೀಕ್ಷೆಯ ಪಟ್ಟಿ ರದ್ದು. ನನಗೆ ಶುಕ್ರವಾರದಿಂದ ಅಮಾನತು, ವಿಚಾರಣೆ. ಕೆಲಸ ಉಳಿಯುವುದು ಅನುಮಾನ ಎಂದು ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಸಾಹೇಬರು ಹೊರಗೆ ಬಂದು, "ಅಕ್ಷರ ತೆಗೀರಿ ಅಂದಿದ್ದು ನಾನೇ, ಅದನ್ನೂ ಬರೀರಿ" ಎಂದರು. ಅವರಿಂದ ಅಷ್ಟನ್ನು ನಿರೀಕ್ಷಿಸಿರಲಿಲ್ಲ.

ಮೇಸ್ತ್ರಿ ಕಾಣಲಿಲ್ಲ. ಶೆಡ್ಡಿಗೆ ಹೋಗಿರಬೇಕು, ನೇರವಾಗಿ.

ಮೇ 9, ಗುರುವಾರ. ಬೆಳಗ್ಗೆ 6.15

ವಿವರ ಬರೆಯುತ್ತಿದ್ದೇನೆ. ಇಲ್ಲಿ ಬರೆದು ಆಮೇಲೆ ನಕಲು ಮಾಡುವುದು. 7.40ಕ್ಕೆ ಬಸ್ಸು.

0.00 — ಮೊದಲ ಪದರ ಮುಗಿದಿದೆ. 230 ಡಿಗ್ರಿ.

0.20 — ಕಾಯುವುದನ್ನು ತೆಗೆಯಬಾರದೆಂದು ವೆಲ್ಡರ್ ಸ್ಪಷ್ಟವಾಗಿ ಸೂಚಿಸಿದ್ದಾರೆ. ನಾನು ತೆಗೆದಿದ್ದೇನೆ.

1.30ರಿಂದ 6.20 — ಕ್ಯಾಮೆರಾದವಳ ಸ್ವಂತ ಮಾತು. ಕೆಲಸಕ್ಕೆ ಸಂಬಂಧವಿಲ್ಲ.

6.20 — ಕ್ಯಾಮೆರಾದವಳು ಹೊರಗೆ ಹೋದಳು.

7.10 — 148 ಡಿಗ್ರಿ. ಮಿತಿಯೊಳಗೆ.

7.10ರಿಂದ 11.00 — ‘ತಾಂತ್ರಿಕ ಕಾರಣ’ ಎಂದು ಬರೆದೆ. ಹೊಡೆದುಹಾಕಿದೆ. ಇನ್ನು ಸುಳ್ಳು ಬೇಡ. ‘ಸಿಬ್ಬಂದಿ ಸ್ಥಳದಲ್ಲಿ ಇಲ್ಲದ ಕಾರಣ ವಿಳಂಬ’ ಎಂದು ಬರೆದೆ. ಅದೂ ಹೊಡೆದುಹಾಕಿದೆ. ವಿಳಂಬವಲ್ಲ ಅದು. ಕಾಯುವವಳು ನಾನೊಬ್ಬಳೇ ಎಂದು ನಾಲ್ಕು ವರ್ಷದಿಂದ ಅಂದುಕೊಂಡಿದ್ದೆ. ಇತ್ತ ಅಡುಗೆಮನೆಯಲ್ಲಿ, ಅತ್ತ ಬಸ್ಸಿನ ಕಿಟಕಿಯಲ್ಲಿ. ನಲ್ಲಿಯ ಮುಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಾಗ ಆಚೆ ಒಬ್ಬರು ಕೆಲಸ ನಿಲ್ಲಿಸಿ ಬಾಗಿಲು ನೋಡುತ್ತಿದ್ದರು, ಮತ್ತೆ ನಾನು ಅದನ್ನು ಕೇಳಿಸಿಕೊಳ್ಳದೆ ಕತ್ತರಿಸಿ ಎಸೆದಿದ್ದೆ.

ಕಾರಣದ ಕಾಲಂ ಒಂದೇ ಸಾಲಿನದು. ಚಿಕ್ಕದಾಗಿ ಬರೆಯಬೇಕು.

7.10ರಿಂದ 11.00 — ನನಗಾಗಿ